ಕಾವು ಬಿಟ್ಟು ಏಳುವ ಹೊತ್ತು

ಕಾವಿಗೆ ಕೂತ ಹೆಬ್ಬಾತು ದಿನಕ್ಕೊಂದು ಸಲವಾದರೂ ಗೂಡು ಬಿಟ್ಟು ಏಳುತ್ತದೆ. ಏಳುವ ಮುಂಚೆ, ತನ್ನ ಎದೆಯಿಂದಲೇ ಕಿತ್ತು ಹಾಸಿದ ತುಪ್ಪಳವನ್ನು ಕೊಕ್ಕಿನಿಂದ ಎಳೆದೆಳೆದು ಮೊಟ್ಟೆಗಳ ಮೇಲೆ ಹೊದಿಸುತ್ತದೆ. ಕತ್ತೆತ್ತಿ ಸುತ್ತ ಒಮ್ಮೆ ನೋಡಿ, ಗಂಡನ್ನು ಕಾವಲಿಗೆ ಬಿಟ್ಟು ಕೆರೆ ಕಡೆ ಹೊರಡುತ್ತದೆ. ದಾರಿಯಲ್ಲಿ ಒಂದಿಷ್ಟು ಹುಲ್ಲು ಕತ್ತರಿಸಿ ತಿಂದು, ನೀರು ಕುಡಿದು, ನಾಲ್ಕು ಮುಳುಕು ಹಾಕಿ, ರೆಕ್ಕೆ ಬಡಿದು, ಮೈ ಪೂರ್ತಿ ಒಣಗುವ ಮೊದಲೇ ವಾಪಸು ಬಂದು ಕೂರುತ್ತದೆ. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷದ ಮಾತು. ತೋಟದ ಕೆರೆ ಏರಿ ಮೇಲೆ ನಿಂತು ಇದನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ತಾಯಿಗೂ ಹೊಟ್ಟೆ ಅಂತ ಒಂದಿದೆ, ಹಸಿವಾಗುತ್ತೆ, ಏಳುತ್ತೆ, ಅದರಲ್ಲೇನು ಅಂದುಕೊಂಡು ಮುಂದೆ ಹೋಗಿದ್ದೇನೆ. ಮನೆಯಲ್ಲಿ ಇನ್‌ಕ್ಯುಬೇಟರ್ ಇಟ್ಟು ಹೆಬ್ಬಾತಿನ ಮೊಟ್ಟೆಗಳನ್ನು ಮರಿ ಮಾಡಿಸಲು ಹೊರಟ ಮೇಲೆ ಮಾತ್ರ ಆ ಇಪ್ಪತ್ತು ನಿಮಿಷ ತಲೆಯಿಂದ ಇಳಿಯಲೊಲ್ಲದು.

ಯಾಕೆಂದರೆ ಹೆಬ್ಬಾತಿನ ಮೊಟ್ಟೆಗೆ ಮಿಷಿನ್‌ನಲ್ಲಿ ಕಾವು ಕೊಡುವವರಲ್ಲಿ ಹೆಚ್ಚಿನವರು ಪಾಲಿಸುವ ಪದ್ಧತಿಯೊಂದಿದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೊಮ್ಮೆ ಮುಚ್ಚಳ ತೆಗೆದು ಹತ್ತು ಹದಿನೈದು ನಿಮಿಷ ಮೊಟ್ಟೆಗಳನ್ನು ಆರಲು ಬಿಡಬೇಕು. ಆಮೇಲೆ ಉಗುರುಬೆಚ್ಚಗಿನ ನೀರನ್ನು ತುಂತುರಾಗಿ ಚಿಮುಕಿಸಿ ಮುಚ್ಚಬೇಕು. ಮರಿ ಹೊರಬರುವ ಮೂರ್ನಾಲ್ಕು ದಿನ ಮುಂಚಿನವರೆಗೂ ಇದೇ ಕೆಲಸ. ಕಾವು ಒಂದು ಚೂರೂ ಹೆಚ್ಚುಕಮ್ಮಿ ಆಗಬಾರದು ಅಂತಲೇ ಹೀಟರು, ಫ್ಯಾನು, ಕಂಟ್ರೋಲರು ಎಲ್ಲ ಇರುವ ಪೆಟ್ಟಿಗೆ ಕೊಂಡದ್ದು. ಕೊಂಡ ಮೇಲೆ ನೋಡಿದರೆ ದಿನಾ ಬೆಳಿಗ್ಗೆ ನಾವೇ ಮುಚ್ಚಳ ತೆಗೆದು ಕಾವು ಇಳಿಸಬೇಕು! ಹಾಗಾದರೆ ಹೆಬ್ಬಾತು ಎದ್ದು ಹೋಗುವುದು ಕಾವಿಗೆ ಬಿದ್ದ ಅಡ್ಡಿಯೋ, ಕಾವಿನದೇ ಒಂದು ಪಾಲೋ?

‘ಬಾತಿನ ಮೊಟ್ಟೆ ಮಿಷಿನ್‌ನಲ್ಲಿ ಆಗಲ್ಲ’

ನಮ್ಮದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಸಣ್ಣ ಕಾಫಿ ತೋಟ. ಹೆಬ್ಬಾತು ಸಾಕುವುದಕ್ಕೆ ನಮ್ಮ ಕಡೆ ಯಾರೂ ದೊಡ್ಡ ಕಾರಣ ಕೊಡುವುದಿಲ್ಲ. ಹುಲ್ಲು ಮೇಯುತ್ತವೆ, ಹೊಸಬರು ಗೇಟಿಗೆ ಬಂದರೆ ಊರಿಗೆಲ್ಲ ಕೇಳುವಂತೆ ಕೂಗುತ್ತವೆ, ಹಾವು ಹತ್ತಿರ ಬರಲ್ಲ ಅನ್ನುತ್ತಾರೆ. (ಆನೆ ಬಂದರೂ ಕೂಗುತ್ತವೆ. ಆನೆ ಅದಕ್ಕೆಲ್ಲ ಕಿವಿಗೊಡುವ ಪೈಕಿ ಅಲ್ಲ.) ಹುತ್ತರಿ ಮುಗಿದು ಚಳಿ ಗಟ್ಟಿಯಾದ ಮೇಲೆ ಮೊಟ್ಟೆ ಶುರು. ಹೆಚ್ಚುಕಮ್ಮಿ ದಿನ ಬಿಟ್ಟು ದಿನ ಒಂದೊಂದು. ಒಂದು ಮೊಟ್ಟೆ 150-160 ಗ್ರಾಂ ತೂಗುತ್ತದೆ, ಅಂಗೈ ತುಂಬುತ್ತದೆ. ಗೂಡಲ್ಲೇ ಬಿಟ್ಟರೆ ಉಡ, ಕೀರ, ಪುನುಗು ಬೆಕ್ಕು, ಯಾವುದಾದರೊಂದಕ್ಕೆ ಗೊತ್ತಾಗಿಯೇ ಆಗುತ್ತದೆ. ತೆಗೆದಿಟ್ಟರೆ ಹೆಬ್ಬಾತು ಕಾವಿಗೆ ಕೂರುವುದನ್ನು ಮುಂದೂಡಿ ಇನ್ನೂ ಒಂದಷ್ಟು ಇಡುತ್ತದೆ. ತೆಗೆದ ಮೊಟ್ಟೆಗಳಿಗೆ ಗತಿ ಕಾಣಿಸಲು ಬಂದದ್ದು ಈ ಮಿಷಿನ್.

ಸಂತೆಯಲ್ಲಾಗಲಿ, ಕೋಳಿ ಸಾಕುವವರ ನಡುವೆಯಾಗಲಿ ಈ ವಿಷಯ ಎತ್ತಿದರೆ ಬರುವ ಮಾತು ಒಂದೇ: ‘ಅಯ್ಯೋ, ಕೋಳಿದು ಆಗುತ್ತೆ, ಬಾತಿಂದು ಮಿಷಿನ್‌ನಲ್ಲಿ ಆಗಲ್ಲ ಬಿಡಿ.’ ಹೀಗೆ ಹೇಳುವವರು ಸುಮ್ಮನೆ ಹೇಳುವವರಲ್ಲ, ಇಟ್ಟು ಕೈಸುಟ್ಟುಕೊಂಡವರು. ಕೇಳುತ್ತಾ ಹೋದರೆ ಎಲ್ಲರೂ ಮಾಡಿದ್ದು ಒಂದೇ ಕೆಲಸ, ಕೋಳಿಯ ಲೆಕ್ಕದಲ್ಲೇ ಇಟ್ಟದ್ದು. ಕೋಳಿ ಮೊಟ್ಟೆಗೆ 21 ದಿನ, ಹೆಬ್ಬಾತಿಗೆ 28ರಿಂದ 31. ಫ್ಯಾನ್ ಇರುವ ಮಿಷಿನ್‌ನಲ್ಲಿ ಕಾವು ಎರಡಕ್ಕೂ ಸುಮಾರು 37.5 ಡಿಗ್ರಿಯೇ ಆದ್ದರಿಂದ ಉಳಿದದ್ದೂ ಒಂದೇ ಇರಬೇಕು ಅನ್ನಿಸುವುದು ಸಹಜ. ಆದರೆ ಮಾರಾಟಕ್ಕೆ ಬರುವ ಸಣ್ಣ ಮಿಷಿನ್‌ಗಳ ತಟ್ಟೆ, ಮೊಟ್ಟೆ ಹೊರಳಿಸುವ ಮೋಟಾರು, ನೀರಿನ ಬಟ್ಟಲು, ಎಲ್ಲದರ ಅಳತೆ ಕೋಳಿಯದು. ಹೆಬ್ಬಾತಿನ ಮೊಟ್ಟೆಯನ್ನು ಆ ಗುಳಿಗಳಲ್ಲಿ ನೆಟ್ಟಗೆ ನಿಲ್ಲಿಸುವುದಲ್ಲ, ಅಡ್ಡ ಮಲಗಿಸುವುದು. ತಟ್ಟೆ ಒಂದಿಷ್ಟು ಓರೆಯಾದರೆ ಅದಕ್ಕೆ ಸಾಕಾಗದು, ಅರ್ಧ ಸುತ್ತು ತಿರುಗಬೇಕು. ಅಂದರೆ ಕೈಯಿಂದಲೇ. ಒಂದು ಮಗ್ಗುಲಿಗೆ ಗುಣಾಕಾರ, ಇನ್ನೊಂದಕ್ಕೆ ಸೊನ್ನೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿ, ದಿನಕ್ಕೆ ಮೂರೋ ಐದೋ ಸಲ ತಿರುಗಿಸಬೇಕು. ಬೆಸವೇ ಯಾಕೆಂದರೆ ರಾತ್ರಿಯ ಉದ್ದನೆಯ ಹೊತ್ತು ಇವತ್ತು ಒಂದು ಮಗ್ಗುಲಾದರೆ ನಾಳೆ ಇನ್ನೊಂದು ಮಗ್ಗುಲು ಸಿಗಲಿ ಅಂತ.

ಬೆಸ ಅಂದದ್ದಕ್ಕೆ ಅವ್ವ ಮೊದಲ ಸಲ ಮಿಷಿನ್ ಕಡೆ ಒಂಚೂರು ಗೌರವದಿಂದ ನೋಡಿದಳು. ಹೇಟೆ ಕೂರಿಸುವಾಗ ಮೊಟ್ಟೆ ಬೆಸವೇ ಇರಬೇಕು ಅನ್ನುವುದು ಅವಳ ಕಾಯಿದೆ. ಏಳು, ಒಂಬತ್ತು, ಹನ್ನೊಂದು. ಬುಟ್ಟಿಗೆ ಹುಲ್ಲು, ಹುಲ್ಲಿನಡಿ ಒಂದು ತುಂಡು ಇದ್ದಿಲು, ಒಂದು ಕಬ್ಬಿಣದ ಚೂರು. ಗುಡುಗಿಗೆ ಮೊಟ್ಟೆ ಕೆಡಬಾರದಲ್ಲ. ಮಿಷಿನ್‌ಗೂ ಅದೇ ಮರ್ಯಾದೆ ಆಯಿತು. ಒಂದು ಬೆಳಿಗ್ಗೆ ನೋಡಿದರೆ ಮುಚ್ಚಳದ ಮೇಲೆ ಹಳೇ ಕತ್ತಿಯ ಮುರುಕು ತುಂಡು, ಅದರ ಪಕ್ಕ ಇದ್ದಿಲು. ‘ಇದಕ್ಕೆ ಅದೆಲ್ಲ ಬೇಡ ಅವ್ವ’ ಅಂದೆ. ‘ನಿಂದು ನೀನು ಮಾಡು, ನಂದು ನಾನು ಮಾಡ್ತೀನಿ. ಮರಿಯಾದ್ಮೇಲೆ ಯಾರ್ದು ಅಂತ ಕೇಳ್ಬೇಡ’ ಅಂದಳು.

ಹೇಟೆಗೇ ಇಟ್ಟರಾಗದೆ ಅಂತಲೂ ಕೇಳಿದಳು. ಇಡಬಹುದು. ನಾಟಿ ಹೇಟೆಯ ಅಡಿಯಲ್ಲಿ ಹೆಬ್ಬಾತಿನ ನಾಲ್ಕೈದು ಮೊಟ್ಟೆ ಹಿಡಿಸುತ್ತವೆ. ಆದರೆ ಆ ಭಾರದ ಮೊಟ್ಟೆಯನ್ನು ಹೇಟೆ ಹೊರಳಿಸಲಾರದು, ಅದು ಮೇಯಲು ಎದ್ದ ಹೊತ್ತಿಗೆ ನಾವೇ ಹೋಗಿ ತಿರುಗಿಸಬೇಕು. ಹೇಟೆ ನೀರಿಗೂ ಇಳಿಯುವುದಿಲ್ಲ, ಒಣ ಮೈಯಲ್ಲೇ ಬಂದು ಕೂರುತ್ತದೆ. ಹಾಗಾಗಿ ನೀರು ಚಿಮುಕಿಸುವುದೂ ನಮ್ಮ ಪಾಲಿಗೇ. ಮಿಷಿನ್‌ನ ಪದ್ಧತಿಯಲ್ಲಿ ಇದ್ದದ್ದೇ ಇಲ್ಲೂ ಬಂತು. ಯಾರು ಕಾವು ಕೊಟ್ಟರೂ ಈ ಮೊಟ್ಟೆ ಕೆರೆಗೆ ಹೋಗಿ ಬಂದ ಒದ್ದೆ ಹೊಟ್ಟೆಯನ್ನೇ ಕೇಳುತ್ತದೆ.

ಹಗುರಾಗುವ ಮೊಟ್ಟೆ

ಕೊಡಗು ಅಂದರೆ ಹೊರಗಿನವರಿಗೆ ಮಳೆ, ಮಂಜು, ಗೋಡೆ ಬೆವರುವ ತೇವ. ಜನವರಿಯಿಂದ ಮಾರ್ಚಿನವರೆಗೆ ಇಲ್ಲಿದ್ದು ನೋಡಬೇಕು. ಬೆಳಿಗ್ಗೆ ಇಬ್ಬನಿ ಬಿದ್ದು ಕಣವೆಲ್ಲ ಒದ್ದೆಯಾಗಿರುತ್ತದೆ, ಹನ್ನೊಂದು ಗಂಟೆಗೆಲ್ಲ ತುಟಿ ಒಡೆಯುವ ಒಣಹವೆ. ಕಾಫಿ ಒಣಗುವುದು ಇದೇ ಹವೆಗೆ. ಹೆಬ್ಬಾತು ಮೊಟ್ಟೆಯಿಡುವುದೂ ಇದೇ ಕಾಲದಲ್ಲಿ. ಈ ಕಾಲದಲ್ಲಿ ಒಂದು ಅನುಕೂಲವೂ ಇದೆ. ಮಿಷಿನ್ ತುಂಬುವಷ್ಟು ಮೊಟ್ಟೆ ಸೇರುವ ತನಕ ಅವನ್ನು 13-15 ಡಿಗ್ರಿಯ ತಂಪಿನಲ್ಲಿ, ದಿನಕ್ಕೊಮ್ಮೆ ಹೊರಳಿಸುತ್ತಾ, ವಾರ ಹತ್ತು ದಿನದೊಳಗೆ ಇಡುವ ಹಾಗೆ ಜೋಪಾನ ಮಾಡಬೇಕು. ಬೆಂಗಳೂರಿನ ಮನೆಯಲ್ಲಾದರೆ ಅದಕ್ಕೊಂದು ಏರ್ಪಾಟು ಬೇಕು. ನಮ್ಮ ಹಿಂದಿನ ಉಗ್ರಾಣದ ಮೂಲೆಗೆ ಅಂಥದ್ದೇನೂ ಬೇಡ. ತೊಳೆಯಬಾರದು ಅನ್ನುವುದೊಂದು ನೆನಪಿದ್ದರಾಯಿತು. ಚಿಪ್ಪಿನ ಮೇಲೆ ಇರುವ ತೆಳು ಪದರ ರೋಗಾಣುಗಳನ್ನು ಹೊರಗಿಡುತ್ತದೆ, ತೊಳೆದರೆ ಅದು ಹೋಗುತ್ತದೆ.

ಮಿಷಿನ್‌ನೊಳಗೆ ತೇವಾಂಶ ಮೊದಲ ನಾಲ್ಕು ವಾರ ಶೇ. 50-55ರ ಆಸುಪಾಸು, ಕೊನೆಯ ಮೂರು ದಿನ 75ರ ಮೇಲೆ. ಬರೀ ಈ ಅಂಕಿ ನಂಬಿ ಕೂತರೆ ಪ್ರಯೋಜನ ಕಡಿಮೆ, ಅಗ್ಗದ ಮೀಟರುಗಳು ಹೇಳುವುದೇ ಒಂದು ಇರುವುದೇ ಒಂದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಹೆಚ್ಚು ಪ್ರಾಮಾಣಿಕ. ಕಾವು ಕೂತ ಮೊಟ್ಟೆ ಚಿಪ್ಪಿನ ರಂಧ್ರಗಳಿಂದ ನೀರು ಕಳೆದುಕೊಳ್ಳುತ್ತಾ ಹಗುರಾಗುತ್ತದೆ, ಆಗಲೇಬೇಕು. ಕೊನೆಗೆ ಶೇ. 13ರಿಂದ 15ರಷ್ಟು ಇಳಿದಿರಬೇಕು. 160 ಗ್ರಾಮಿನ ಮೊಟ್ಟೆ 138ರ ಹತ್ತಿರ ಬಂದಿರಬೇಕು. ಹೋದ ನೀರಿನ ಜಾಗಕ್ಕೆ ಮೊಂಡು ತುದಿಯಲ್ಲಿ ಗಾಳಿ ಸೇರುತ್ತದೆ, ಮರಿ ಮೊಟ್ಟಮೊದಲು ಉಸಿರಾಡುವುದು ಆ ಗಾಳಿಯನ್ನೇ. ತೂಕ ಇಳಿಯದಿದ್ದರೆ ಗಾಳಿಕೋಣೆ ಚಿಕ್ಕದಾಗಿ, ಒಳಗೆ ನೀರು ನಿಂತು, ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಮಿತಿಮೀರಿ ಇಳಿದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಫೆಬ್ರವರಿಯಲ್ಲಿ ಎರಡನೆಯದರ ಭಯ, ಜೂನಿನಲ್ಲಿ ಮೊದಲನೆಯದರದ್ದು. ನಾಲ್ಕು ಹನಿ ಮಳೆ ಬಿದ್ದ ಮೇಲೆ ಮಿಷಿನ್ ಇಡೋಣ, ತೇವಕ್ಕೆ ಒಳ್ಳೆಯದು ಅನ್ನುವವರಿದ್ದಾರೆ. ಶಾಂತಳ್ಳಿ ಕಡೆಯ ಜೂನ್ ತಿಂಗಳು ನಾಲ್ಕು ಹನಿಯ ಲೆಕ್ಕದ್ದಲ್ಲ ಅಂತಷ್ಟೇ ಹೇಳಬಲ್ಲೆ.

ವಾರ ಹತ್ತು ದಿನಕ್ಕೆ ದೀಪ ಆರಿಸಿ, ಟಾರ್ಚಿನ ಬಾಯಿಗೆ ಮೊಂಡು ತುದಿ ಹಿಡಿದು ನೋಡುವ ಕೆಲಸ. ಜೀವ ಕೂತ ಮೊಟ್ಟೆಯಲ್ಲಿ ನಡುವೆ ಒಂದು ಕಪ್ಪು ಚುಕ್ಕೆ, ಅಲ್ಲಿಂದ ಜೇಡರ ಕಾಲುಗಳ ಹಾಗೆ ಸುತ್ತ ಹರಡಿದ ಕೆಂಪು ನರಗಳು. ಗೊಡ್ಡು ಮೊಟ್ಟೆ ಪೂರ್ತಿ ತಿಳಿ. ಶುರುವಾಗಿ ನಿಂತದ್ದರಲ್ಲಿ ಒಂದು ರಕ್ತದ ಉಂಗುರ. ಗೊಡ್ಡನ್ನೂ ಉಂಗುರದ್ದನ್ನೂ ತೆಗೆಯಲೇಬೇಕು. ಕಾವಿನಲ್ಲಿ ಕೊಳೆತು ಒಡೆದರೆ ಉಳಿದವಕ್ಕೂ ರೋಗ, ಮನೆಯಲ್ಲೂ ಇರಲಾಗದ ನಾತ. ತೋಟದ ಕೆಲಸದವರ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹೆಂಗಸು ಇದನ್ನು ನೋಡಲು ಬಂದಿದ್ದಳು. ಅವರ ಕಡೆ ಮನೆಮನೆಯಲ್ಲೂ ರಾಜಹಾಂಹ್, ಅಂದರೆ ಹೆಬ್ಬಾತು, ಇರುತ್ತವಂತೆ, ನಮ್ಮವನ್ನು ಕಂಡರೆ ಅವಳಿಗೆ ತವರಿನ ಸಲಿಗೆ. ಟಾರ್ಚಿನ ಬೆಳಕಲ್ಲಿ ನರಗಳನ್ನು ನೋಡಿ ಖುಷಿಪಟ್ಟಳು, ಆಮೇಲೆ ಅವಳ ಹರಕು ಕನ್ನಡದಲ್ಲಿ, ‘ದಾದಾ, ಎಷ್ಟು ಸಲ ನೋಡ್ತೀರಿ? ನಮ್ಮೂರಲ್ಲಿ ನೋಡೋಕೆ ಹೋದ್ರೆ ಬಾತು ಕಚ್ತದೆ’ ಅಂದಳು. ನೋಡುವವರನ್ನು ಕಚ್ಚಲು ಮಿಷಿನ್‌ಗೆ ಬಾಯಿಲ್ಲ.

ಹೂಮಳೆ

ಮಾರ್ಚ್ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಕಣ್ಣು ಆಕಾಶದ ಮೇಲೆ. ಕಾಫಿ ಮೊಗ್ಗು ಅರಳಲು ಒಂದಿಂಚಿನ ಆಸುಪಾಸು ಮಳೆ ಬೇಕು, ತೀರ ಕಡಿಮೆ ಬಿದ್ದರೆ ಮೊಗ್ಗು ಅರಳಿಯೂ ಅರಳದೆ ಕೆಡುತ್ತದೆ. ಆ ಸಲ ಸಂಜೆ ಪುಷ್ಪಗಿರಿ ಕಡೆಯಿಂದ ಮೋಡ ಎದ್ದು ಬಂತು. ಸುತ್ತಲಿನ ತೋಟದವರೆಲ್ಲ ಅಂಗಳಕ್ಕೆ ಬಂದು ನಿಂತಿದ್ದರು. ಮಣ್ಣಿನ ವಾಸನೆ ಮೊದಲು, ಆಮೇಲೆ ಗಾಳಿ, ಆಮೇಲೆ ಹೆಂಚಿನ ಮೇಲೆ ದಪ್ಪ ಹನಿ. ಫೋನ್ ಮೇಲೆ ಫೋನ್. ನಿಮ್ಮಲ್ಲಿ ಎಷ್ಟಾಯ್ತು, ನಮ್ಮಲ್ಲಿ ಇಷ್ಟಾಯ್ತು. ಊರಿಗೆ ಊರೇ ಸಂಭ್ರಮದಲ್ಲಿದ್ದಾಗ ನಾನೊಬ್ಬ ಗುಡುಗಿನ ಒಂದೊಂದು ಸದ್ದಿಗೂ ಬಲ್ಬಿನ ಮುಖ ನೋಡುತ್ತಾ ಕೂತಿದ್ದೆ. ಮೊಟ್ಟೆಗಳಿಗೆ ಆಗ ನಾಲ್ಕನೇ ವಾರ ಶುರುವಾಗಿತ್ತು. ದೊಡ್ಡದೊಂದು ಸಿಡಿಲಿಗೆ ಕರೆಂಟ್ ಹೋಯಿತು. ಹೋಗುವುದೇ, ಅದರಲ್ಲಿ ಯಾರ ತಪ್ಪೂ ಇಲ್ಲ. ಎಲ್ಲೋ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದಿರುತ್ತದೆ, ಆ ಕತ್ತಲಲ್ಲಿ ಕಂಬ ಹತ್ತು ಅಂತ ಲೈನ್‌ಮನ್‌ಗೆ ಹೇಳುವ ಬಾಯಿ ನನಗಿಲ್ಲ.

ಇನ್ವರ್ಟರ್ ನಡುರಾತ್ರಿಯವರೆಗೆ ಎಳೆಯಿತು. ಅದೂ ಸುಮ್ಮನಾದಾಗ ಫ್ಯಾನಿನ ಗುಂಯ್ ಅನ್ನುವ ಸದ್ದು ನಿಂತದ್ದಕ್ಕೇ ಅವ್ವನಿಗೆ ಎಚ್ಚರವಾಯಿತಂತೆ. ಎದ್ದು ಬಂದವಳು ಏನೂ ಕೇಳದೆ ಕರಿಕಂಬಳಿ ತಂದು ಪೆಟ್ಟಿಗೆಯ ಮೇಲೆ ಹೊದಿಸಿದಳು. ಗಾಳಿತೂತುಗಳ ಮೇಲಿಂದ ಕಂಬಳಿಯನ್ನು ಸ್ವಲ್ಪ ಸರಿಸಿದೆ, ಬೆಳೆದ ಮರಿಗಳಿಗೆ ಕಾವಿನಷ್ಟೇ ಗಾಳಿಯೂ ಬೇಕು. ನೀರು ಕಾಯಿಸಿ ಬಾಟಲಿಗೆ ತುಂಬಿ ಪಕ್ಕಕ್ಕೆ ಇಟ್ಟೆ. ಪೆಟ್ಟಿಗೆಯೊಳಗೆ ಬೇರೆ ಒಂದು ಸಣ್ಣ ಥರ್ಮಾಮೀಟರ್ ಇತ್ತು, ಮೊಬೈಲಿನ ಬೆಳಕಲ್ಲಿ ಅದನ್ನೇ ನೋಡುತ್ತಿದ್ದೆ. 36. ಸ್ವಲ್ಪ ಹೊತ್ತಿಗೆ 35. ಆಮೇಲೆ 34. ಅವ್ವ ಒಂದು ಮೊಟ್ಟೆ ತೆಗೆದು ಕೆನ್ನೆಗೆ ಒತ್ತಿಕೊಂಡಳು, ಇನ್ನೊಂದು ತೆಗೆದು ಒತ್ತಿಕೊಂಡಳು. ‘ಬೆಚ್ಚಗವೆ. ಆ ಡಬ್ಬಿ ಏನಾರ ಹೇಳ್ಕೊಳ್ಲಿ’ ಅಂದಳು. ನಾನು ಮತ್ತೆ ಮುಚ್ಚಳ ಎತ್ತಲು ಹೋದೆ. ಕೈ ತಟ್ಟಿದಳು. ‘ಬಾತು ಕೆರೆಗೆ ಹೋಗೈತೆ ಅಂದ್ಕೊಂಡು ಮಲಕ್ಕೊ. ಬರ್ತದೆ.’

ಕೆನ್ನೆಗೆ ಒತ್ತಿಕೊಂಡದ್ದನ್ನು ನೋಡಿ ನನಗೆ ನೆನಪಾದದ್ದು ಈಜಿಪ್ಟಿನ ಮೊಟ್ಟೆ ಒಲೆಗಳು. ಮಣ್ಣಿನ ಇಟ್ಟಿಗೆಯ ದೊಡ್ಡ ದೊಡ್ಡ ಗೂಡುಗಳಲ್ಲಿ ಸಗಣಿ, ಹುಲ್ಲು ಉರಿಸಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುವ ಕಸುಬು ಅಲ್ಲಿ ತಲೆತಲಾಂತರದಿಂದ ನಡೆದು ಬಂದದ್ದು. ಥರ್ಮಾಮೀಟರ್ ಇಲ್ಲದೆ ಅವರು ಕಾವು ನೋಡುತ್ತಿದ್ದದ್ದು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ. ಆ ಚರ್ಮ ತೆಳು, ಸುಳ್ಳು ಹೇಳುವುದಿಲ್ಲ. ಅವ್ವನಿಗೆ ಈಜಿಪ್ಟೂ ಗೊತ್ತಿಲ್ಲ, ಫ್ರಾನ್ಸಿನ ವಿಜ್ಞಾನಿ ರೋಮ್ಯೂರ್ 1749ರಲ್ಲಿ ಆ ಒಲೆಗಳ ಬಗ್ಗೆ ಪುಸ್ತಕ ಬರೆದದ್ದೂ ಗೊತ್ತಿಲ್ಲ.

ಥರ್ಮಾಮೀಟರ್ 34 ಅನ್ನುವಾಗ ಮೊಟ್ಟೆ ಬೆಚ್ಚಗಿದ್ದದ್ದು ಹೇಗೆ ಅನ್ನುವುದಕ್ಕೆ ಉತ್ತರ ಇದೆ, ನನ್ನ ಮೊದಲ ಪ್ರಶ್ನೆಗೂ ಅದೇ ಉತ್ತರ. ಥರ್ಮಾಮೀಟರ್ ಹೇಳುವುದು ಗಾಳಿಯ ಕಥೆ. ಕಾವಿನ ಮೊದಲರ್ಧದಲ್ಲಿ ಮೊಟ್ಟೆ ಹೊರಗಿನಿಂದ ಬಿಸಿ ತೆಗೆದುಕೊಳ್ಳುತ್ತದೆ. ಮರಿ ಬೆಳೆಯುತ್ತಾ ಬಂದಂತೆ ಅದರ ಮೈಯೇ ಬಿಸಿ ಹುಟ್ಟಿಸತೊಡಗುತ್ತದೆ, ಕೊನೆಯ ದಿನಗಳಲ್ಲಿ ಮೊಟ್ಟೆ ಬಿಸಿ ಬಿಟ್ಟುಕೊಡುವ ಕಡೆಯದ್ದು. ಹೆಬ್ಬಾತಿನ ಮೊಟ್ಟೆ ಕೋಳಿಯದಕ್ಕಿಂತ ತೂಕದಲ್ಲಿ ಮೂರು ಪಟ್ಟಾದರೂ ಚಿಪ್ಪಿನ ಹರವು ಎರಡು ಪಟ್ಟು ಮಾತ್ರ. ಒಳಗೆ ಹುಟ್ಟಿದ ಬಿಸಿಗೆ ಹೊರಹೋಗಲು ಅಷ್ಟೇ ಜಾಗ. ಎದ್ದು ಹೋಗದೆ ಒಂದೇ ಸಮ ಕೂತರೆ ಅದು ಬೇಯುವ ಅಪಾಯವೇ ಹೆಚ್ಚು. ಒಂದೆರಡು ಡಿಗ್ರಿ ಹೆಚ್ಚು ಕಾವು ಕೆಲವು ತಾಸು ನಿಂತರೆ ಮರಿ ಸತ್ತೇ ಹೋಗಬಹುದು. ಕೆಲವು ತಾಸಿನ ತಂಪನ್ನು ಮಾತ್ರ ತಡೆದುಕೊಳ್ಳುತ್ತದೆ, ಹೆಚ್ಚೆಂದರೆ ಒಂದು ದಿನ ತಡವಾಗಿ ಹೊರಬರುತ್ತದೆ. ಮೈ ಒದ್ದೆ ಮಾಡಿಕೊಂಡು ಬರುವುದರಲ್ಲೂ ಎರಡು ಕೆಲಸ ಆಗುತ್ತದೆ. ನೀರು ಆರುವಾಗ ಚಿಪ್ಪು ತಣಿಯುತ್ತದೆ, ಗೂಡಿನೊಳಗೆ ತೇವವೂ ನಿಲ್ಲುತ್ತದೆ.

ಅಲ್ಲಿಗೆ ಹೆಬ್ಬಾತು ಏಳುವುದು ಕೂರುವಷ್ಟೇ ಕಾವಿನ ಕೆಲಸ. ನಾವು ಮಿಷಿನ್ ಮಾಡಿಕೊಂಡಾಗ ಕೂರುವುದನ್ನಷ್ಟೇ ಎತ್ತಿಕೊಂಡೆವು, ಏಳುವುದನ್ನು ಮರೆತೆವು, ಆಮೇಲೆ ಅದನ್ನು ಒಂದು ಸ್ಪ್ರೇ ಬಾಟಲಿಯಾಗಿ ವಾಪಸು ತಂದೆವು. ಹೆಬ್ಬಾತಿನ ಗೂಡಿನ ನಡುವಿನ ಮೊಟ್ಟೆಗೂ ಅಂಚಿನ ಮೊಟ್ಟೆಗೂ ಕಾವಿನಲ್ಲಿ ಡಿಗ್ರಿಗಟ್ಟಲೆ ವ್ಯತ್ಯಾಸ ಇರುತ್ತದೆ. ಆಗಾಗ ಕೊಕ್ಕಿನಿಂದ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ದೂಡಿಕೊಳ್ಳುತ್ತದೆ. ಅದಕ್ಕೆ 37.5 ಅನ್ನುವ ಚುಕ್ಕೆಯ ಹಿಂದಿನ ಮುಂದಿನ ಅಂಕಿಯೇ ಗೊತ್ತಿಲ್ಲ. ಕೆಂಪಕ್ಷರದಲ್ಲಿ 37.4 ಅಂತ ಬಂದರೆ ಎದೆ ಹಾರುವುದು ನಮಗೆ. ಹಾಗಂತ ಹೆಬ್ಬಾತು ಎಲ್ಲ ಬಲ್ಲದು, ಮಿಷಿನ್ ದಂಡ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಎದ್ದು ಹೋದ ಅದೇ ಇಪ್ಪತ್ತು ನಿಮಿಷಕ್ಕೆ ಉಡವೂ ಕಾಯುತ್ತಿರುತ್ತದೆ. ಗೂಡಿನಲ್ಲೂ ಗೊಡ್ಡು ಉಳಿಯುತ್ತದೆ, ಗೂಡಿನಲ್ಲೂ ಮರಿ ಚಿಪ್ಪಿನೊಳಗೆ ಸಾಯುತ್ತದೆ. ನಮಗೆ ಲೆಕ್ಕ ಸಿಗುವುದಿಲ್ಲ, ಅಷ್ಟೇ.

ಕರೆಂಟ್ ಬೆಳಗಿನ ಜಾವ ಬಂತು. ಅವ್ವ ಇದ್ದಿಲಿನ ತುಂಡನ್ನು ಮಿಷಿನ್ ಮೇಲೆ ಸರಿಯಾಗಿ ಇಟ್ಟು ಹಾಲು ಕರೆಯಲು ಹೋದಳು.

ಚಿಪ್ಪಿನ ಒಳಗೆ

ಕೊನೆಯ ಮೂರು ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವ ಏರಿಸಿ, ಮುಚ್ಚಳ ತೆಗೆಯದೆ ಕೂರಬೇಕು. ಮರಿ ಮೊದಲು ಒಳಪೊರೆ ಹರಿದು ಗಾಳಿಕೋಣೆಗೆ ಕೊಕ್ಕು ತೂರಿಸುತ್ತದೆ. ಕಿವಿಯಿಟ್ಟರೆ ಚಿಪ್ಪಿನೊಳಗಿಂದ ಟಕ್ ಟಕ್, ನಡುನಡುವೆ ಸಣ್ಣಗೆ ಕೂಗು. ನಾವು ಮಾತಾಡಿದರೆ ಒಳಗಿನಿಂದ ಉತ್ತರ ಬರುತ್ತದೆ. ಆಮೇಲೆ ಕೊಕ್ಕಿನ ತುದಿಯ ಮೊಟ್ಟೆಹಲ್ಲಿನಿಂದ ಚಿಪ್ಪಿಗೆ ಒಂದು ಬಿರುಕು. ಕೋಳಿ ಮರಿಯಾದರೆ ಬಿರುಕು ಕಂಡ ಅರ್ಧ ದಿನ, ಹೆಚ್ಚೆಂದರೆ ಒಂದು ದಿನಕ್ಕೆ ಹೊರಗೆ. ಹೆಬ್ಬಾತಿನ ಚಿಪ್ಪು ದಪ್ಪ, ಮರಿ ನಿಧಾನ. ಒಂದು ದಿನ ದಾಟುವುದು ಮಾಮೂಲು, ಎರಡು ದಿನಕ್ಕೂ ಹೋಗುತ್ತದೆ. ಬಿರುಕು ಬಿಟ್ಟು ತಾಸುಗಟ್ಟಲೆ ಏನೂ ನಡೆಯುವುದಿಲ್ಲ. ಹೊರಗೆ ಕೂತವರಿಗೆ ಸತ್ತೇ ಹೋಯಿತು ಅನ್ನಿಸುತ್ತದೆ.

ಮಗಳು ಮಿಷಿನ್‌ನ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದಳು. ಬಿರುಕಿನಲ್ಲಿ ಕೊಕ್ಕಿನ ತುದಿ ಆಗಾಗ ಅಲುಗಾಡುವುದು ಕಾಣುತ್ತಿತ್ತು. ಊಟಕ್ಕೆ ಎದ್ದು ಹೋಗಿ ಬಂದರೂ ಅಷ್ಟೇ, ಮಲಗುವ ಹೊತ್ತಿಗೂ ಅಷ್ಟೇ. ‘ಅಪ್ಪಾ, ಪಾಪ, ಒಂಚೂರು ಒಡೆದು ಬಿಡೋಣ. ಒಂದೇ ಒಂಚೂರು.’ ನನ್ನ ಕೈಯೂ ಅದನ್ನೇ ಹೇಳುತ್ತಿತ್ತು. ಅಷ್ಟರಲ್ಲಿ ಅಸ್ಸಾಮಿನ ಹೆಂಗಸು ಹಿತ್ತಲ ಬಾಗಿಲಿಗೆ ಬಂದವಳು ನಮ್ಮಿಬ್ಬರ ಮುಖ ನೋಡಿ ನಕ್ಕು, ಮಗಳನ್ನು ಎಳೆದು ಪಕ್ಕ ಕೂರಿಸಿಕೊಂಡಳು. ‘ಒಳಗೆ ಅದಕ್ಕೆ ಕೆಲಸ ಇದೆ’ ಅಂದಳು. ಅವಳಿಗೆ ಗೊತ್ತಿದ್ದ ಕನ್ನಡದಲ್ಲಿ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ. ಬಿರುಕು ಬಿಟ್ಟು ಸುಮ್ಮನಿರುವ ಆ ಹೊತ್ತಿನಲ್ಲಿ ಮರಿ ಚಿಪ್ಪಿನ ಗೋಡೆಗೆ ಹರಡಿದ ನರಗಳಿಂದ ರಕ್ತವನ್ನೆಲ್ಲ ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿ ಭಂಡಾರವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ, ಪುಪ್ಪುಸಕ್ಕೆ ಉಸಿರಾಟ ಕಲಿಸುತ್ತಿರುತ್ತದೆ. ಆಗ ಚಿಪ್ಪು ಸುಲಿದರೆ ನರ ಹರಿದು ರಕ್ತ ಸುರಿಯುತ್ತದೆ. ಹುಟ್ಟಿದ ಮರಿ ಒಂದೆರಡು ದಿನ ಊಟವಿಲ್ಲದೆ ಇರಬಲ್ಲದು ಅನ್ನುವುದಕ್ಕೂ ಕಾರಣ ಆ ಹಳದಿಯೇ. ಹೊರಗೆ ನಮಗೆ ಕಂಡದ್ದು ಮರಿಯ ಸುಸ್ತು, ಒಳಗೆ ಬಿಡುವಿಲ್ಲದ ದುಡಿಮೆ.

ಮಗಳು ಅಲ್ಲೇ ನಿದ್ದೆಹೋದಳು. ಮರಿ ಬೆಳಿಗ್ಗೆ ಕಾಫಿ ಕುಡಿಯುವಾಗ, ಯಾರೂ ನೋಡದ ಹೊತ್ತಿಗೆ, ಚಿಪ್ಪಿನ ಟೋಪಿ ದೂಡಿ ಬಿದ್ದಿತ್ತು. ಉಳಿದವು ಮಾರನೇ ದಿನದ ಸಂಜೆಯವರೆಗೂ ಒಂದೊಂದಾಗಿ ಬಂದವು. ಎಲ್ಲ ಬರಲಿಲ್ಲ. ಪೂರ್ತಿ ಬೆಳೆದು ನಿಂತ ಒಂದನ್ನು ಒಡೆದು ನೋಡಿದಾಗ ತಲೆ ಮೊಂಡು ತುದಿಯ ಕಡೆಗೆ ಇರುವ ಬದಲು ಚೂಪು ತುದಿಗೆ ತಿರುಗಿತ್ತು. ಗಾಳಿಕೋಣೆಗೆ ಕೊಕ್ಕು ತಲುಪುವ ದಾರಿಯೇ ಅದಕ್ಕಿರಲಿಲ್ಲ.

ಗಮ್‌ಬೂಟು

ಮರಿ ಸಾಕುವುದು ಹೆಚ್ಚು ಕಷ್ಟವಲ್ಲ. ಮೊದಲ ವಾರ 32 ಡಿಗ್ರಿಯಷ್ಟು ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬರುವುದು. ಎಳೆ ಹುಲ್ಲಿನ ಚಿಗುರು ಮೊದಲ ದಿನದಿಂದಲೇ. ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ, ಮರಿ ಮುಳುಗದಷ್ಟು ಸಣ್ಣ ನೀರಿನ ತಟ್ಟೆ. ಔಷಧ ಬೆರೆಸಿದ ಕೋಳಿ ಫೀಡು ಬೇಡ, ಔಷಧವಿಲ್ಲದ್ದು ತಂದರೂ ಒಂಚೂರು ಯೀಸ್ಟ್ ಸೇರಿಸಿದರೆ ಕಾಲು ಗಟ್ಟಿಯಾಗುತ್ತದೆ. ಯೀಸ್ಟ್‌ನಲ್ಲಿರುವ ನಿಯಾಸಿನ್ ಅನ್ನುವ ವಿಟಮಿನ್ ಹೆಬ್ಬಾತಿನ ಮರಿಗೆ ಕೋಳಿ ಮರಿಗಿಂತ ಹೆಚ್ಚು ಬೇಕು.

ಕಷ್ಟ ಬೇರೆ. ಹೆಬ್ಬಾತಿನ ಮರಿ ಹುಟ್ಟಿ ಕಣ್ಣು ಬಿಟ್ಟ ಮೊದಲ ಒಂದೆರಡು ದಿನದಲ್ಲಿ ಯಾವುದು ಎದುರಿಗೆ ಓಡಾಡುತ್ತದೋ ಅದನ್ನೇ ತಾಯಿ ಅಂತ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಹೆಬ್ಬಾತಿನ ಮರಿಗಳನ್ನು ತನ್ನ ಹಿಂದೆ ಸಾಲಾಗಿ ನಡೆಸಿಕೊಂಡು ಇದನ್ನು ಅಧ್ಯಯನ ಮಾಡಿದವರು, 1973ರ ನೊಬೆಲ್ ಹಂಚಿಕೊಂಡವರು. ಅವರ ಫೋಟೊಗಳಲ್ಲಿ ಅದು ಬಹಳ ಚೆಂದ ಕಾಣುತ್ತದೆ. ನಮ್ಮ ಮರಿಗಳು ಹಚ್ಚಿಕೊಂಡದ್ದು ನನ್ನನ್ನೂ ಅಲ್ಲ. ಅವುಗಳ ಪೆಟ್ಟಿಗೆ ಇದ್ದದ್ದು ಹಿತ್ತಲ ಬಾಗಿಲ ಬಳಿ ನೆಲದ ಮೇಲೆ. ಅವುಗಳ ಕಣ್ಣಿನ ಮಟ್ಟಕ್ಕೆ ಹಗಲೆಲ್ಲ ಹಾದುಹೋಗುತ್ತಿದ್ದದ್ದು ತೋಟಕ್ಕೆ ಹೋಗಿ ಬರುವವರ ಕಪ್ಪು ಗಮ್‌ಬೂಟುಗಳು. ಯಾರು ಹಾಕಿದ್ದಾರೆ ಅನ್ನುವುದು ಅವಕ್ಕೆ ಮುಖ್ಯವಲ್ಲ. ನಾನು ಹಾಕಿದರೆ ನನ್ನ ಹಿಂದೆ, ಅಸ್ಸಾಮಿನ ಹೆಂಗಸು ಹಾಕಿದರೆ ಅವಳ ಹಿಂದೆ, ಬಾಗಿಲಲ್ಲಿ ಬಿಚ್ಚಿಟ್ಟರೆ ಬೂಟಿಗೆ ಒರಗಿ ನಿದ್ದೆ.

ಮುಂದಿನ ಚಳಿಗೆ ಅವ್ವನೂ ನಾನೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮೊದಮೊದಲ ಮೊಟ್ಟೆಗಳು ಮಿಷಿನ್‌ಗೆ. ಹೆಬ್ಬಾತು ಕೂತೇ ತೀರುತ್ತೇನೆ ಅಂತ ಹಟ ಹಿಡಿದಾಗ ಆ ಹೊತ್ತಿನವು ಅದಕ್ಕೇ, ಸುತ್ತ ಉಡ ನುಗ್ಗದ ಹಾಗೆ ಬಿಗಿ ಜಾಲರಿ ಹಾಕಿ, ಕೆರೆಗೆ ಹೋಗಲು ಒಂದು ಬಾಗಿಲು ಬಿಟ್ಟು. ಆ ಬಾಗಿಲು ತೆಗೆದು ಹಾಕುವ ಕೆಲಸ ಅವ್ವ ತಾನೇ ಮಾಡುತ್ತೇನೆ ಅಂದಿದ್ದಾಳೆ, ಹೊತ್ತು ಅವಳಿಗೆ ಗೊತ್ತಂತೆ. ಎರಡೂ ಕಡೆ ಒಂದೇ ಹೊತ್ತಿಗೆ ಮರಿಯಾಗುವಂತೆ ಲೆಕ್ಕ ಹಾಕಿದರೆ ಮಿಷಿನ್‌ನ ಮರಿಗಳನ್ನು ಕತ್ತಲಲ್ಲಿ ತಾಯಿಯ ರೆಕ್ಕೆಯಡಿಗೆ ದೂಡಿಬಿಡಬಹುದು.

ಈ ವರ್ಷದವಕ್ಕೆ ಆ ಭಾಗ್ಯ ಇಲ್ಲದಿದ್ದರೂ ಗಂಡು ಹೆಬ್ಬಾತು ಅವನ್ನು ಸೇರಿಸಿಕೊಂಡಿದೆ. ತಾನು ಎಂದೂ ಕಾವಲು ಕಾಯದ ಮೊಟ್ಟೆಯಿಂದ ಬಂದವು ಅನ್ನುವುದನ್ನು ಅದು ಲೆಕ್ಕಕ್ಕೆ ಇಟ್ಟಂತಿಲ್ಲ, ಕೆರೆಗೆ ಕರೆದುಕೊಂಡು ಹೋಗುತ್ತದೆ, ಕರೆತರುತ್ತದೆ. ಆದರೆ ಯಾವ ಹೊತ್ತಿಗಾದರೂ ಗಮ್‌ಬೂಟು ಕಂಡರೆ ಮರಿಗಳೆಲ್ಲ ಸಾಲು ಬಿಟ್ಟು ಇತ್ತ ಓಡಿಬರುತ್ತವೆ. ಗಂಡು ಕತ್ತು ನೀಡಿ ಬುಸುಗುಡುತ್ತಾ ನನ್ನ ತೊಡೆಗೇ ಬರುತ್ತದೆ. ಮಳೆ ಹಿಡಿದ ಮೇಲೆ ಉಂಬಳದ ಕಾಟಕ್ಕೆ ಗಮ್‌ಬೂಟು ಇಲ್ಲದೆ ತೋಟಕ್ಕೆ ಕಾಲಿಡುವ ಹಾಗಿಲ್ಲ. ಸದ್ಯಕ್ಕೆ ಬೂಟುಗಳನ್ನು ಗೊಬ್ಬರದ ಚೀಲಕ್ಕೆ ಹಾಕಿಕೊಂಡು, ಚಪ್ಪಲಿಯಲ್ಲಿ ಕೆರೆ ದಾಟಿ, ಪಂಪ್‌ಹೌಸಿನ ಹಿಂದೆ ನಿಂತು ಹಾಕಿಕೊಳ್ಳುತ್ತಿದ್ದೇನೆ. ಅಸ್ಸಾಮಿನ ಹೆಂಗಸು ನೀಲಿ ಬೂಟು ತಂದುಕೊಂಡಳು. ಅವಳಿಗೆ ಈ ತೊಂದರೆ ಇಲ್ಲ.